ಮಳೆ ಬೀಳ್ಲಿ ಸಾರ್!

ಬೆಂಗಳೂರಿನಲ್ಲಿ 30–40ರ ಸೈಟಾದರೂ ಸರಿ, ಮನೆ ಮುಂದೆ ಲಾನ್ ಬೇಕೇ ಬೇಕು. ನಮ್ಮ ಲ್ಯಾಂಡ್‌ಸ್ಕೇಪಿನವರು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಫೋಟೋಗಳೊಂದಿಗೆ ಬಂದು, ಅಡ್ವಾನ್ಸಿನೊಂದಿಗೆ ಹೋದರು. ಮೆಕ್ಸಿಕನ್ ಹುಲ್ಲಿಗೆ ಚೆನ್ನಾಗಿ ಬಿಸಿಲು ಬೇಕು. ಇವರು ಹಾಸಿದ್ದು ಮಾವಿನ ಮರದ ಬುಡಕ್ಕೆ! ತಿಂಗಳೊಳಗೆ ತಿರುಪತಿಗೆ ಹೋಗಿ ಬಂದ ತಲೆಯಂತೆ ನುಣ್ಣಗಾಯಿತು. ಕೆದಕಿದರೆ ಮೇಲೆ ಬೆರಳುದ್ದವೂ ಇಲ್ಲದ ಕೆಮ್ಮಣ್ಣು; ಕೆಳಗೆ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ, ಯಾರದೋ ಒಂಟಿ ಹವಾಯಿ ಚಪ್ಪಲಿ. ಗೊಬ್ಬರ? ಅದು ಬಿಲ್ಲಿನಲ್ಲಿತ್ತು. ಇಳಿಜಾರು ಕೊಟ್ಟದ್ದೂ ಚರಂಡಿಗಲ್ಲ, ನಮ್ಮ ಮನೆಯ ಹಾಲ್ ಕಡೆಗೆ.

ಫೋನ್ ಮಾಡಿದರೆ, ‘ಹುಲ್ಲು ಸೆಟ್ ಆಗ್ಬೇಕು ಸಾರ್, ಒಂದು ಮಳೆ ಬೀಳ್ಲಿ’ ಎಂದರು. ಬಿತ್ತು. ಸೋಫಾ ತೇಲುವುದೊಂದು ಬಾಕಿ.

ಉಳಿದ ದುಡ್ಡು ಕೇಳಲು ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದಳು: ‘ದುಡ್ಡೂ ಸೆಟ್ ಆಗ್ಬೇಕಪ್ಪಾ, ಇನ್ನೊಂದು ಮಳೆ ಬೀಳ್ಲಿ.’