ಮುಗಿದ ಖರ್ಚು

ಭಾನುವಾರ ತಿಂಡಿ ಮುಗಿದದ್ದೇ ನಮ್ಮ ಮನೆಯವರು ಒಬ್ಬೊಬ್ಬರಾಗಿ ಹಾಲ್‌ನಿಂದ ಜಾರಿಕೊಳ್ಳುತ್ತಾರೆ. ಅದು ನನ್ನ ವಾರದ ಓದಿನ ಹೊತ್ತು: ದುಡ್ಡಿನ ಬಗ್ಗೆ ಒಂದು, ಆರೋಗ್ಯದ ಬಗ್ಗೆ ಒಂದು, ಸರಿಯಾದ ನಿರ್ಧಾರ ಮಾಡುವುದು ಹೇಗೆಂಬುದರ ಬಗ್ಗೆ ಒಂದು. ಓದುವವನು ನಾನು, ಅನುಭವಿಸುವವರು ಅವರು.

ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನಕ್ಕೆ 20 ಗ್ರಾಂ ಎಂದರೂ ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ನಮ್ಮಲ್ಲಿ ತಿಂಗಳು ತುಂಬುವ ಮೊದಲೇ ಡಬ್ಬದ ತಳ ಕಾಣುತ್ತದೆ. ಅಡುಗೆಮನೆಗೆ ಹೋಗಿ ವಿಚಾರಣೆ ಶುರು ಮಾಡಿದೆ.

"ಹಿತ್ತಾಳೆ ದೀಪ ಉಜ್ಜೋಕೆ ಹುಣಸೆಹಣ್ಣಿನ ಜೊತೆ ಉಪ್ಪು ಬೇಡ್ವೇನ್ರೀ? ಸೊಪ್ಪು ತೊಳೆಯೋಕೆ? ಮೊನ್ನೆ ಕಲ್ಲುಪ್ಪು ಮುಗಿದಿತ್ತು ಅಂತ ಇದರಲ್ಲೇ ನಿಮಗೆ ದೃಷ್ಟಿ ತೆಗೆದೆನಲ್ಲ, ಅದು?"

"ಅಪ್ಪಂಗೆ ದೃಷ್ಟಿ ತಾಗೋಕೆ ಏನಿದೆ?" ಎಂದಳು ಮಗಳು. ಉತ್ತರ ಇನ್ನೂ ಬಾಕಿ ಇದೆ.

ಸಾಗರದಿಂದ ಅಮ್ಮ ಕಳಿಸಿದ ಅಪ್ಪೆಮಿಡಿ ಜಾಡಿಯನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿದರೆ ಕೆಡುವುದು ನನ್ನ ಊಟವೇ. ಆದ್ದರಿಂದ ಅದು ತನಿಖೆಯ ವ್ಯಾಪ್ತಿಗೆ ಬರುವುದಿಲ್ಲ.

ಬಿಡದೆ ಓದುತ್ತ ಹೋದರೆ ಒಂದು ಅನುಕೂಲವಿದೆ: ನಮಗೆ ಬೇಕಾದ್ದು ಎಲ್ಲಾದರೂ ಸಿಕ್ಕೇ ಸಿಗುತ್ತದೆ. ದಿನಕ್ಕೆ 10,000 ಹೆಜ್ಜೆ ಎಂಬ ಗುರಿ 1960ರ ದಶಕದಲ್ಲಿ ಜಪಾನಿನವರು ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ಸಂಖ್ಯೆ ಎಂದು ಗೊತ್ತಾದ ದಿನವೇ ನನ್ನ ವಾಕಿಂಗ್ ಶೂ ಅಟ್ಟ ಸೇರಿತು. ಅದಕ್ಕಿಂತ ಕಡಿಮೆ ನಡೆದರೂ ಒಳ್ಳೆಯದೇ ಎಂದು ಮುಂದಿನ ಸಾಲಿನಲ್ಲಿತ್ತಂತೆ. ಅಷ್ಟರಲ್ಲಿ ನಾನು ಪುಟ ತಿರುಗಿಸಿಯಾಗಿತ್ತು.

ದುಡ್ಡಿನ ಪಾಠ ಬೇಗ ಮುಗಿಯಿತು. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಾಕಿದ್ದು ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಎಂಬ ಅಂದಾಜು ಸಿಗುತ್ತದೆ. ಶೇಕಡಾ 8ಕ್ಕೆ 9 ವರ್ಷ. ಊಟದ ಹೊತ್ತಿನಲ್ಲಿ ಇದನ್ನು ಬಿಡಿಸಿ ಹೇಳಿದೆ. "ಯಾವ ದುಡ್ಡು?" ಎಂದಳು ಹೆಂಡತಿ.

ಉಳಿದದ್ದು ನಿರ್ಧಾರ. ಮನಶ್ಶಾಸ್ತ್ರಜ್ಞರಾಗಿದ್ದೂ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾಹ್ನೆಮನ್ ಅವರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' ಹಿಡಿದು ಕೂತಿದ್ದೆ. ಕೈಬಿಟ್ಟು ಹೋದ ಖರ್ಚಿನ ಮುಖ ನೋಡಿಕೊಂಡು ಮುಂದಿನ ಹೆಜ್ಜೆ ಇಡಬಾರದು ಎಂಬ ವಿಚಾರ ಅದರಲ್ಲಿದೆ. ಎದುರಿಗೆ ಆರಿ ಗಟ್ಟಿಯಾದ ಉಪ್ಪಿಟ್ಟು. ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗಬೇಕು?

"ನೋಡೇ, ರವೆ, ಗ್ಯಾಸು, ನಿನ್ನ ಶ್ರಮ, ಎಲ್ಲ ಮುಗಿದ ಖರ್ಚು. ಮಾಡಿಯಾಗಿದೆ ಅಂತ ತಿನ್ನೋದು ತಪ್ಪು ನಿರ್ಧಾರ. ಇನ್ನು ಮುಂದೆ ಏನು ಲಾಭ ಅನ್ನೋದನ್ನ ಮಾತ್ರ ನೋಡಬೇಕು."

ಅವಳು ಸೌಟು ಕೆಳಗಿಟ್ಟಳು. "ನಮ್ಮಪ್ಪ ಸಾಲ ಮಾಡಿ ಛತ್ರ ಹಿಡಿದು, ನಿಮ್ಮ ಕಡೆಯವರಿಗೆಲ್ಲ ಊಟ ಹಾಕ್ಸಿದ್ದೂ ಮುಗಿದ ಖರ್ಚೇ ಅಲ್ವಾ? ಇನ್ನು ಮುಂದೆ ಏನು ಲಾಭ ಅಂತ ನಾನೂ ನೋಡ್ಲಾ?"

ನಾನು ತಟ್ಟೆ ಮುಂದಕ್ಕೆ ಸರಿಸಿ ಇನ್ನೊಂದು ಸೌಟು ಹಾಕಿಸಿಕೊಂಡೆ. ನಿಂಬೆಹಣ್ಣಿದ್ದರೆ ಕೊಡು ಎಂದೂ ಕೇಳಿದೆ.