ರೋಡ್‌ಕಿಂಗ್‌ಗೆ ಕತ್ತರಿ ಹಾಕೋದಾ, ಬ್ಯಾಡಾ?

ಹೊನವಾಡದ ಕಟ್ಟೆಯ ಮೇಲೆ ಮಳೆ, ದ್ರಾಕ್ಷಿ ರೇಟು, ಚುನಾವಣೆ ಮೂರೂ ಮುಗಿದ ಮೇಲೆ ಮಾತು ತಿರುಗುವುದು ನಮ್ಮ ಸೋದರಮಾವನ ಯಜ್ಡಿ ರೋಡ್‌ಕಿಂಗ್ ಕಡೆಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು ಅದು. 250 ಸಿಸಿ, ಟೂ-ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಮಾವನ ಗಾಡಿಯ ಹೊಗೆ ಮಾತ್ರ ಇನ್ನೂ ನಿಂತಿಲ್ಲ.

ಮಾವನ ಮಗನಿಗೆ ಅದನ್ನು ಕೆಫೆ ರೇಸರ್ ಮಾಡುವ ಹುಚ್ಚು.

"ಅಪ್ಪಾ, ಹ್ಯಾಂಡಲ್ ತಗ್ಗಸೂಣು, ಸೀಟು ಕತ್ತರಿಸಿ ಒಂದ ಮಂದಿದು ಮಾಡೂಣು."

"ಹಂಗಾದ್ರ ನಿಮ್ಮವ್ವ ಎಲ್ಲಿ ಕುಂದರಬೇಕಲೇ? ಟಿಕೋಟಾ ಸಂತಿ ಚೀಲ ಯಾರ ತೊಡಿ ಮ್ಯಾಲ ಇಡೂದು?"

ಕಟ್ಟೆಯಲ್ಲಿ ಎರಡು ಪಕ್ಷ. ಕಾನೂನು ಬಲ್ಲವರೊಬ್ಬರು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತೆಗೆದರು. ಕಂಪನಿ ಕೊಟ್ಟ ರೂಪ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆಯಂತೆ. ಹುಡುಗ ಅರೆಗಳಿಗೆ ಸುಮ್ಮನಾದ.

ನನ್ನ ಮತ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಟ್ಯಾಂಕು, ಸೈಲೆನ್ಸರ್ ಮುಟ್ಟಬಾರದು. ಗೇರ್ ಲಿವರನ್ನೇ ತಿರುಗಿಸಿ ಕಿಕ್ ಹೊಡೆಯುವ ಆ ಚಮತ್ಕಾರವನ್ನಂತೂ ಮುಟ್ಟಲೇಬಾರದು. ಅದಿರುವ ತನಕ ಈಗಿನ ಕಳ್ಳರಿಗೆ ಗಾಡಿ ಚಾಲೂ ಆಗುವುದಿಲ್ಲ. ಆದರೆ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಹೊರಗಿನವರಿಗೆ ಗೊತ್ತಾಗುವುದೂ ಇಲ್ಲ, ಮಾವನ ಮೀನಗಂಡಕ್ಕೆ ಪುಣ್ಯವೂ ಬರುತ್ತದೆ.

ಕೊನೆಗೆ ಅತ್ತಿ ಬಾಗಿಲಿಗೆ ಬಂದು ತೀರ್ಪು ಕೊಟ್ಟಳು: "ಏನರ ಮಾಡ್ರಿ, ಮದಲ ಅದರ ಬುಡಕ ಎಣ್ಣಿ ಸೋರೂದು ನಿಂದರಸ್ರಿ. ದಿನಾ ಅಂಗಳಾ ತಿಕ್ಕಾಕ ನಾ ಒಲ್ಲೆ."