ಅಲಿಪುರೀಯ ಗಣಕಾಂಗ ಸಾಂಗತ್ಯ ಮೀಮಾಂಸೆ: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು, ಕಡಿಮೆ ದುಡ್ಡಿನಲ್ಲಿ ಮೊದಲ ಸಲ ಮನೆಯಲ್ಲೇ ಜೋಡಿಸಲಾಗುವ ಕಂಪ್ಯೂಟರಿನ ಬಿಡಿಭಾಗಗಳ ಪರಸ್ಪರ ಸಾಂಗತ್ಯವನ್ನು ಸಂಕಥನದ ನೆಲೆಯಲ್ಲಿ, ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ, ಮುಖಾಮುಖಿಯ ಮಾದರಿಯಲ್ಲಿ ಶೋಧಿಸಹೊರಟಿದೆ. ಅಂದರೆ ಯಾವ ಮದರ್‌ಬೋರ್ಡಿಗೆ ಯಾವ ರ್‍ಯಾಮ್ ಕೂರುತ್ತದೆ ಎಂದು ಹೇಳಲಿದೆ. ಎರಡನೆಯ ವಾಕ್ಯವೊಂದೇ ಸಾಕಿತ್ತಲ್ಲ ಎನ್ನುವವರು ವಿಚಾರ ಸಂಕಿರಣದಲ್ಲಿ ಊಟಕ್ಕೆ ಮುಂಚಿನ ಗೋಷ್ಠಿಗೆ ಕೂತು ಅಭ್ಯಾಸವಿಲ್ಲದವರು.

ಅಧ್ಯಯನದ ಭೌಗೋಳಿಕ ವ್ಯಾಪ್ತಿ ಕೊಲ್ಕತ್ತಾದ ಅಲಿಪುರ. ಸಾಂಗತ್ಯ ಮತ್ತು ಅಸಾಂಗತ್ಯ ಎರಡಕ್ಕೂ ಇಲ್ಲಿ ದೀರ್ಘ ಪರಂಪರೆಯಿದೆ. 1780ರ ಆಗಸ್ಟ್ 17ರಂದು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ತನ್ನದೇ ಕೌನ್ಸಿಲಿನ ಸದಸ್ಯ ಫಿಲಿಪ್ ಫ್ರಾನ್ಸಿಸ್‌ಗೆ ಇಲ್ಲೇ ಪಿಸ್ತೂಲಿನಿಂದ ಗುಂಡು ಹೊಡೆದ. ಇದು ಅಸಾಂಗತ್ಯದ ಆದಿಪಠ್ಯ. ಸಾಂಗತ್ಯದ ಪ್ರಯೋಗ ನಡೆದದ್ದು 1876ರಲ್ಲಿ ಆರಂಭವಾದ ಅಲಿಪುರ ಮೃಗಾಲಯದಲ್ಲಿ. ಅಲ್ಲಿ ಗಂಡು ಹುಲಿಗೂ ಹೆಣ್ಣು ಸಿಂಹಕ್ಕೂ ಹುಟ್ಟಿದ ರುದ್ರಾಣಿ ಎಂಬ ಟೈಗನ್, 1970ರ ದಶಕದಲ್ಲಿ ದೇವವ್ರತ ಎಂಬ ಸಿಂಹದ ಜೊತೆ ಕೂಡಿ ಲಿಟಿಗನ್ ಎಂಬ ಮರಿಗಳನ್ನು ಹೆತ್ತಳು. ಅಂಥದ್ದೊಂದು ಲಿಟಿಗನ್ 1991ರವರೆಗೂ ಬದುಕಿತ್ತು. ಹುಲಿ ಸಿಂಹಗಳನ್ನು ಒಂದು ಮಾಡಿದ ಈ ಊರಿನಲ್ಲೂ ಈಗಿನ ಎಎಂಡಿ ಪ್ರೊಸೆಸರನ್ನು ಈಗಿನ ಇಂಟೆಲ್ ಬೋರ್ಡಿನ ಮೇಲೆ ಕೂರಿಸುವುದು ಯಾರಿಂದಲೂ ಆಗಿಲ್ಲ ಎಂಬುದೇ ನಮ್ಮ ಸಂಶೋಧನಾ ಸಮಸ್ಯೆ.

ಪೂರ್ವಾಧ್ಯಯನಗಳ ಸಮೀಕ್ಷೆ ಚಿಕ್ಕದು. ಮಹಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ, ಅಂದರೆ ಇದೇ ನಗರದ ಅಂಚಿನ ಬಾರಾನಗರಕ್ಕೆ, 1955-56ರಲ್ಲಿ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಎಂಬ ಕಂಪ್ಯೂಟರ್ ಬಂತು. ದೇಶಕ್ಕೆ ಅದೇ ಮೊದಲ ಡಿಜಿಟಲ್ ಕಂಪ್ಯೂಟರ್. 1966ರಲ್ಲಿ ಆ ಸಂಸ್ಥೆಯೂ ಜಾದವಪುರ ವಿಶ್ವವಿದ್ಯಾಲಯವೂ ಸೇರಿ ಐಎಸ್‌ಐಜೆಯು ಎಂಬ ಯಂತ್ರವನ್ನು ಇಲ್ಲೇ ಕಟ್ಟಿದವು. ಆ ಎಂಜಿನಿಯರುಗಳ ಕಷ್ಟಗಳೇ ಬೇರೆ. ಆದರೆ ಒಂದೇ ಹೆಸರಿನ ಎರಡು ಬೇರೆ ಬೇರೆ ವಸ್ತುಗಳನ್ನು ಯಾರೂ ಅವರ ತಲೆಗೆ ಕಟ್ಟಿರಲಿಲ್ಲ.

ಈಗ ವರ್ಗೀಕರಣ. ಸಾಂಗತ್ಯವು ಪಂಚವಿಧ: ಪೀಠಸಾಂಗತ್ಯ, ಸ್ಮೃತಿಸಾಂಗತ್ಯ, ಶಕ್ತಿಸಾಂಗತ್ಯ, ದೇಹಸಾಂಗತ್ಯ, ದೃಷ್ಟಿಸಾಂಗತ್ಯ. ಒಂದೊಂದರಲ್ಲೂ ನಿಜ ಮತ್ತು ಆಭಾಸ ಎಂಬ ಎರಡೆರಡು ಉಪಭೇದ.

ಪೀಠವೆಂದರೆ ಸಾಕೆಟ್. ಎಎಂಡಿಯ ಎಎಂ4ನಲ್ಲಿ ಪಿನ್ನುಗಳು ಪ್ರೊಸೆಸರಿನ ಹೊಟ್ಟೆಯಡಿ ಇರುತ್ತವೆ. ಇಂಟೆಲಿನ ಎಲ್‌ಜಿಎ1700ರಲ್ಲಿ ಬೋರ್ಡಿನ ಮೇಲಿರುತ್ತವೆ. ಪ್ರೊಸೆಸರಿನ ಮೂಲೆಯ ಚಿಕ್ಕ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಸರಿಹೊಂದಿಸಿ ಸುಮ್ಮನೆ ಇಟ್ಟರೆ ತಾನಾಗಿ ಕೂರಬೇಕು. ಅದುಮಿದವನು ಹೊಸ ಪ್ರೊಸೆಸರಿಗೋ ಬೋರ್ಡಿಗೋ ದುಡ್ಡು ಹೊಂದಿಸಬೇಕು. ಇದು ನಿಜಪೀಠ. 2018ರ ಬಿ450 ಬೋರ್ಡಿನಲ್ಲಿ 2020ರ ಕೊನೆಗೆ ಬಂದ ರೈಜನ್ 5000 ಸರಣಿಯ ಪ್ರೊಸೆಸರ್ ಸರಾಗವಾಗಿ ಕೂರುತ್ತದೆ, ಆದರೆ ಬೋರ್ಡನ್ನು ಎಬ್ಬಿಸುವ ತಂತ್ರಾಂಶವಾದ ಬಯೋಸ್ ಹಳೆಯದಿದ್ದರೆ ಏಳುವುದಿಲ್ಲ. ಇದು ಪೀಠಾಭಾಸ. ಬಯೋಸನ್ನು ಹೊಸದು ಮಾಡಲು ಕಂಪ್ಯೂಟರ್ ಆನ್ ಆಗಬೇಕು, ಆನ್ ಆಗಲು ಬಯೋಸ್ ಹೊಸದಾಗಬೇಕು; ಬೀಜವೃಕ್ಷನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನೈಯಾಯಿಕರಿಗೂ ಸಿಕ್ಕಿರಲಾರದು. ಪೆನ್‌ಡ್ರೈವಿನಿಂದಲೇ ಬಯೋಸ್ ತುಂಬಿಕೊಳ್ಳುವ ಬಟನ್ ಕೆಲವು ಬೋರ್ಡುಗಳಲ್ಲಿದೆ. ಇಲ್ಲದಿದ್ದರೆ ಅಂಗಡಿಯವರಿಂದಲೇ ಮಾಡಿಸಿಕೊಂಡು ಬರಬೇಕು.

ಸ್ಮೃತಿಯಲ್ಲಿ, ಅಂದರೆ ರ್‍ಯಾಮಿನಲ್ಲಿ, ಡಿಡಿಆರ್4, ಡಿಡಿಆರ್5 ಎಂಬ ಎರಡು ಪಂಥಗಳು. ಎರಡಕ್ಕೂ 288 ಪಿನ್ನು, ಉದ್ದವೂ ಒಂದೇ, ನಡುವಿನ ಕಚ್ಚು ಮಾತ್ರ ತುಸು ಆಚೀಚೆ. ಎಎಂ4ಗೆ ಡಿಡಿಆರ್4 ಮಾತ್ರ, ಎಎಂ5ಗೆ ಡಿಡಿಆರ್5 ಮಾತ್ರ. ಇಂಟೆಲಿನ ಎಚ್610 ಬೋರ್ಡುಗಳು ಎರಡು ಬಗೆಯಲ್ಲೂ ಸಿಗುತ್ತವೆ. ಯಾವುದೆಂದು ಡಬ್ಬಿಯ ಮೇಲಿನ ಪೂರ್ತಿ ಹೆಸರು ಓದಿದರಷ್ಟೇ ಗೊತ್ತಾಗುತ್ತದೆ.

ಶಕ್ತಿಸಾಂಗತ್ಯಕ್ಕೆ ಬರುವ ಹೊತ್ತಿಗೆ ವರ್ಗೀಕರಣ ಸಾಕೆನಿಸಿದೆ. ಉಪಭೇದಗಳನ್ನು ಓದುಗರೇ ಊಹಿಸಿಕೊಳ್ಳಲಿ. ಕಾಳಿಘಾಟಿನಲ್ಲಿ ಮೆಟ್ರೋ ಹತ್ತಿ ಚಾಂದನಿ ಚೌಕದಲ್ಲಿ ಇಳಿದು ಕಂಪ್ಯೂಟರ್ ಅಂಗಡಿಗಳ ಸಾಲಿಗೆ ಹೋದರೆ ಒಂದು ದೃಶ್ಯ ಖಾಯಂ. ಕ್ಯಾಬಿನೆಟ್ ಕೊಂಡರೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪುಕ್ಕಟೆ. ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್. ಪಕ್ಕದ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಸಾಲಿಗೆ 15 ಆಂಪಿಯರ್ ಎಂದಿದ್ದರೆ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸಿಗುವುದು ಒಟ್ಟು 180 ವ್ಯಾಟ್. ಕೇಳಿದರೆ ‘ಸೋಬ್ ಚೋಲ್ಬೆ, ದಾದಾ’, ಎಲ್ಲ ನಡೆಯುತ್ತೆ ಅಣ್ಣಾ ಎಂಬ ಅಭಯ. ಅದೇ ಸಮಯಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಿಂತ ಬಂಧುವೊಬ್ಬರು ಫೋನಿನಲ್ಲಿ, ‘ಬಾಟಲ್‌ನೆಕ್ ಆಗತ್ತೆ ಕಣೋ, ಫ್ಯೂಚರ್ ಪ್ರೂಫ್ ನೋಡ್ಕೋ’ ಎನ್ನುತ್ತಾರೆ. ಕೈಯಲ್ಲಿರುವ ದುಡ್ಡಿಗೆ ವರ್ತಮಾನವೇ ಪೂರ್ತಿ ಬರುತ್ತಿಲ್ಲ ಎಂದು ಅವರಿಗೆ ಹೇಳುವವರಿಲ್ಲ.

ದೃಷ್ಟಿಸಾಂಗತ್ಯ ಪರೀಕ್ಷೆಯಾಗುವುದು ಮನೆಗೆ ಬಂದ ಮೇಲೆ. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ರ್‍ಯಾಮನ್ನು ಟಕ್ಕೆನ್ನುವವರೆಗೆ ಒತ್ತಿ, ಕೂದಲೆಳೆಯಂಥ ಪವರ್ ಸ್ವಿಚ್ ವೈರುಗಳನ್ನು ಬೋರ್ಡಿನ ಮೂಲೆಯ ಪಿನ್ನುಗಳಿಗೆ ಮೊಬೈಲ್ ಬೆಳಕಿನಲ್ಲಿ ಸಿಕ್ಕಿಸಿ, ಎಚ್‌ಡಿಎಂಐ ಹಾಕಿ ಬಟನ್ ಒತ್ತಿದಾಗ ಫ್ಯಾನು ತಿರುಗುತ್ತದೆ, ಮಾನಿಟರು ಮಾತ್ರ ಕಪ್ಪು. ಭಾಗಗಳು ಕೆಟ್ಟಿಲ್ಲ. ಕೊಂಡದ್ದು ಇಂಟೆಲಿನ ಐ3-12100ಎಫ್ ಪ್ರೊಸೆಸರ್. ಆ ಎಫ್ ಅಕ್ಷರದ ಅರ್ಥ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡು ಕೊಳ್ಳಿ ಎಂದು. ಎಎಂಡಿಯ ರೈಜನ್ 5000 ಸರಣಿಯಲ್ಲಿ ಉಲ್ಟಾ: 5600ಜಿಯಲ್ಲಿ ಗ್ರಾಫಿಕ್ಸ್ ಉಂಟು, ಬರೀ 5600ರಲ್ಲಿ ಇಲ್ಲ. ಒಂದು ಕಂಪನಿಯಲ್ಲಿ ಅಕ್ಷರ ಸೇರಿದರೆ ನಷ್ಟ, ಇನ್ನೊಂದರಲ್ಲಿ ಸೇರದಿದ್ದರೆ ನಷ್ಟ.

ಸರಿ, ಕಾರ್ಡು ಕೊಳ್ಳೋಣ ಎಂದರೆ ಇಲ್ಲಿ ಮೀಮಾಂಸೆಯ ತಾಳ್ಮೆ ತಪ್ಪುತ್ತದೆ. ಎನ್‌ವಿಡಿಯಾ 2017ರಲ್ಲಿ ಜಿಟಿ 1030 ಎಂಬ ಅಗ್ಗದ ಕಾರ್ಡು ತಂದಿತು. ಅದರ ಮೆಮೊರಿ ಸೆಕೆಂಡಿಗೆ 48 ಗಿಗಾಬೈಟ್ ಸಾಗಿಸುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಇನ್ನೊಂದು ಕಾರ್ಡು ಬಂತು; ಅದರದು 17 ಗಿಗಾಬೈಟೂ ಇಲ್ಲ. ಮೂರರಲ್ಲೊಂದು ಪಾಲಿನ ಸರಕಿಗೆ ಪೂರ್ತಿ ಹೆಸರು! ಇದನ್ನು ಯಾವ ಪರಿಭಾಷೆಯಲ್ಲೂ ಸಾಂಗತ್ಯದ ಸಮಸ್ಯೆ ಎನ್ನಲಾಗದು. ಇದು ಮೋಸ. ದೊಡ್ಡ ಕಾರ್ಡು ಕೊಳ್ಳುವವನು ಹತ್ತು ಕಡೆ ವಿಚಾರಿಸುತ್ತಾನೆ, ಸಾಲದ್ದಕ್ಕೆ ಅವನಿಗೆ ಹೇಳುವವರೂ ಇರುತ್ತಾರೆ. ಈ ಕಾರ್ಡು ಕೊಳ್ಳುವುದು ಊರು ಬಿಟ್ಟು ಬಂದು, ತಿಂಗಳ ಸಂಬಳದಲ್ಲಿ ಉಳಿಸಿ, ಮಗಳ ಕಾಲೇಜಿಗೆಂದು ಮೊದಲ ಕಂಪ್ಯೂಟರ್ ಜೋಡಿಸುವ ಮನೆ. ಗೊಂದಲದ ಹೆಸರುಗಳೆಲ್ಲ ಬೆಲೆಯ ಕೆಳಗಿನ ಮೆಟ್ಟಿಲಲ್ಲೇ ಯಾಕೆ ಬಂದು ಸೇರುತ್ತವೆ?

ಅದರ ಮೇಲೆ 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡವು. ಕೆಲವೇ ತಿಂಗಳಲ್ಲಿ ರ್‍ಯಾಮಿನ ಬೆಲೆ ದುಪ್ಪಟ್ಟನ್ನೂ ಮೀರಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ಮನೆಬಳಕೆಯವರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ಬ್ರಾಂಡನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ನಾವೇ ಜೋಡಿಸಿಕೊಂಡರೆ ಅಗ್ಗ ಎಂಬ ಹಳೆಯ ಲೆಕ್ಕ ಈಗ ಪ್ರತಿ ಸಲ ಕೂಡಿ ನೋಡಬೇಕಾದ್ದು. ಅಪ್ಪನ ಹತ್ತಿರ ಇನ್ನೊಂದಿಷ್ಟು ಕೇಳಲು ಆಗದೆ ಎಂಟು ಜಿಬಿಯ ಒಂದೇ ಕಡ್ಡಿಗೆ ತೃಪ್ತಿಪಡುವ ಮಕ್ಕಳ ಬಗ್ಗೆ ಯಾವ ಸಂಕಿರಣವೂ ನಡೆಯುವುದಿಲ್ಲ.

ದೇಹಸಾಂಗತ್ಯ ಬಾಕಿಯಿದೆ: ಕಾರ್ಡಿನ ಉದ್ದ, ಕೂಲರಿನ ಎತ್ತರ, ಕ್ಯಾಬಿನೆಟ್ಟಿನ ಒಳಜಾಗ. ಟೇಪು ಹಿಡಿದರೆ ಮುಗಿಯಿತು.

ಈ ಪ್ರಬಂಧ ಪುಸ್ತಕವಾದರೆ 1954ರ ಕಾಯ್ದೆಯಂತೆ ಒಂದು ಪ್ರತಿ ಅಲಿಪುರದ ಬೆಲ್ವೆಡೀರಿನಲ್ಲಿರುವ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಲೇಬೇಕು. ಅಲ್ಲಿಯವರೆಗೆ ಕಾಯಲಾಗದವರಿಗೆ ಇಷ್ಟು: ಆಟದ ಹುಚ್ಚಿಲ್ಲದಿದ್ದರೆ ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ತೆಗೆದುಕೊಳ್ಳಿ. ಅದು ಆ ಬೋರ್ಡಿನಲ್ಲಿ ಯಾವ ಬಯೋಸಿನಿಂದ ನಡೆಯುತ್ತದೆಂದು ಬೋರ್ಡಿನ ಕಂಪನಿಯ ಪಟ್ಟಿಯಲ್ಲಿ ನೋಡಿ. ರ್‍ಯಾಮ್ ಒಂದೇ ದೊಡ್ಡದರ ಬದಲು ಚಿಕ್ಕವೆರಡು ಹಾಕಿ, ಒಳಗಿನ ಗ್ರಾಫಿಕ್ಸಿಗೆ ಅದರಿಂದ ಬಲ ಬರುತ್ತದೆ. ಪುಕ್ಕಟೆ ಎಸ್‌ಎಂಪಿಎಸ್ ಬೇಡ. ಬಿಲ್ಲಿನಲ್ಲಿ ಕೊನೆಯ ಅಕ್ಷರದವರೆಗೂ ಮಾಡೆಲ್ ಹೆಸರು, ಸೀರಿಯಲ್ ನಂಬರು ಬರೆಸಿಕೊಳ್ಳಿ. ಮತ್ತೆ, ಹೋಗುವುದಾದರೆ ಶನಿವಾರವೇ ಹೋಗಿ. ಭಾನುವಾರ ಚಾಂದನಿಯ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ.